ಅಕ್ಕನ ಬೆರಳೂ ಶೇಟ್ರ ಅಂಗಡಿಯೂ

ನನಗೊಂದು ಕೆಟ್ಟ ಚಾಳಿಯಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರ ಮುಖಕ್ಕಿಂತ ಮೊದಲು ಅವರ ಬೆರಳು ನೋಡುತ್ತೇನೆ. ಬೆರಳಲ್ಲಿ ಉಂಗುರ ಇದ್ದರೆ ಅದರ ಎರಡೂ ಬದಿಗೆ ಮಾಂಸ ಉಬ್ಬಿಕೊಂಡಿದೆಯೇ ಎಂದು ನೋಡುತ್ತೇನೆ. ಉಬ್ಬಿದ್ದರೆ ಮುಗಿಯಿತು. ಹೊನ್ನಾವರದಿಂದ ಕುಮಟಾದಲ್ಲಿರುವ ನನ್ನ ಆಫೀಸು ಮುಟ್ಟುವವರೆಗೂ ನನಗೆ ನೆಮ್ಮದಿಯಿಲ್ಲ. ಈ ಮನುಷ್ಯನಿಗೆ ನಾಳೆ ಜೇನುಹುಳ ಕಚ್ಚಿದರೆ? ಬಾಗಿಲ ಸಂದಿಗೆ ಕೈ ಸಿಕ್ಕಿದರೆ? ಕಿಟಕಿಯಾಚೆ ಹಸಿರು ಗದ್ದೆ ಹೋಗುತ್ತಿರುತ್ತದೆ, ತೆಂಗಿನ ತೋಟ ಹೋಗುತ್ತಿರುತ್ತದೆ. ನಾನು ಮಾತ್ರ ಪರರ ಬೆರಳಿನ ಚಿಂತೆಯಲ್ಲಿ ಬೆವರುತ್ತಿರುತ್ತೇನೆ.

ಈಚೆಗೆ ಒಮ್ಮೆ ತಡೆಯಲಾಗದೆ ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ಕೇಳಿಯೇಬಿಟ್ಟೆ, "ನಿಮ್ಮ ಉಂಗುರ ಬಿಚ್ಚೂಕೆ ಬರ್ತದಾ?" ಎಂದು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೈಯನ್ನು ಮೆಲ್ಲಗೆ ಪ್ಯಾಂಟಿನ ಕಿಸೆಯೊಳಗೆ ಇಳಿಸಿದರು. ಹಳದೀಪುರ ಬರುವುದರೊಳಗೆ ಸೀಟು ಬಿಟ್ಟೆದ್ದು ಹೋಗಿ ಕಂಡಕ್ಟರನ ಪಕ್ಕ ನಿಂತರು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ, "ಒಂದಿನ ಯಾರಾದ್ರೂ ನಿಮ್ಮನ್ನ ಪೊಲೀಸ್ರಿಗೆ ಹಿಡ್ದು ಕೊಡ್ತಾರೆ, ಆಗ ನಂಗೆ ಫೋನ್ ಮಾಡ್ಬೇಡಿ" ಎಂದಳು. ಅವಳ ಮಾತು ಸರಿಯೇ. ಆದರೆ ನಾನು ಕಂಡದ್ದನ್ನು ಅವಳು ಕಂಡಿಲ್ಲ. ಅದು ನಡೆದ ದಿನ ಅವಳು ತವರಿಗೆ ಹೋಗಿದ್ದಳು.

ನಮ್ಮದು ಕಾಸರಕೋಡ. ಶರಾವತಿ ಹೊಳೆಯ ಈಚೆ ದಡ. ಸೇತುವೆ ದಾಟಿದರೆ ಹೊನ್ನಾವರ ಪೇಟೆ. ನಮ್ಮ ಮನೆಯವರೆಲ್ಲ ಮೀನನ್ನೇ ನಂಬಿದವರು, ನಾನೊಬ್ಬ ಮಾತ್ರ ದೋಣಿ ಹತ್ತಿದರೆ ವಾಂತಿ ಮಾಡುವವನಾದ್ದರಿಂದ ಕುರ್ಚಿ ಮೇಲೆ ಕೂರುವ ಕೆಲಸ ಹಿಡಿದೆ. ನನ್ನ ದೊಡ್ಡಕ್ಕ ಮಾದೇವಿ ಪೇಟೆಯಲ್ಲಿ ಮೀನು ಮಾರುತ್ತಾಳೆ. ಅವಳ ಕಂಠ ಎಂಥದ್ದೆಂದರೆ, ಮಾರುಕಟ್ಟೆಯಲ್ಲಿ ಅವಳು "ಬಂಗ್ಡೇ" ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ ನಾಯಿ ಕಿವಿ ನಿಮಿರಿಸುತ್ತದೆ. ಅವಳು ಯಾವುದಕ್ಕೂ ಹೆದರಿದ್ದನ್ನು ನಾನು ನೋಡಿರಲಿಲ್ಲ. ನಮ್ಮ ಮನೆಯ ಹೆದರಿಕೆಯನ್ನೆಲ್ಲ ನಾನೊಬ್ಬನೇ ಗುತ್ತಿಗೆ ಹಿಡಿದಂತಿತ್ತು.

ಅಕ್ಕನ ಬಲಗೈಯ ಉಂಗುರ ಬೆರಳಲ್ಲಿ ದಪ್ಪನೆಯ, ಹೂವಿಲ್ಲದ, ಹರಳಿಲ್ಲದ ಉಂಗುರವೊಂದಿತ್ತು. ಮದುವೆಯಲ್ಲಿ ಕೊಟ್ಟದ್ದಲ್ಲ. ಭಾವ ತಂದದ್ದೂ ಅಲ್ಲ. ಬುಟ್ಟಿ ಹೊತ್ತು ತಾನೇ ಗಳಿಸಿ ಮಾಡಿಸಿಕೊಂಡದ್ದು. ಯಾರಾದರೂ "ಯಾರು ಕೊಟ್ಟದ್ದೇ?" ಎಂದು ಕೇಳಲಿ ಎಂದೇ ಅವಳು ಕೈಯಾಡಿಸಿ ಮಾತಾಡುತ್ತಾಳೇನೋ ಎಂದು ನನಗೆ ಅನಿಸುತ್ತಿತ್ತು. ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು: "ಕೊಡೂಕೆ ಯಾರು ಅದಾರೆ? ನನ್ನ ತಲೆ ಕೊಟ್ಟದ್ದು."

ಬಂಗಾರದ ವಿಷಯದಲ್ಲಿ ನಮ್ಮ ಮನೆಯವರ ಸಂಶಯ ಇಂದು ನಿನ್ನೆಯದಲ್ಲ. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಎಂಬ ಗಾದೆಯನ್ನು ನಮ್ಮ ಅಬ್ಬೆ ದೇವರ ಹೆಸರಿನ ಹಾಗೆ ಹೇಳುತ್ತಿದ್ದಳು. ಅಬ್ಬೆಯ ತವರು ಭಟ್ಕಳದ ಹತ್ತಿರ ತೆಂಗಿನಗುಂಡಿ. ಅವಳ ಕಿವಿಯ ಓಲೆಯ ತಿರುಪು ಸಡಿಲಾದರೆ ಹೊನ್ನಾವರ ಬಿಟ್ಟು ಭಟ್ಕಳದವರೆಗೆ ಹೋಗುತ್ತಿದ್ದಳು, ಅಲ್ಲಿಯ ಮುದುಕನೊಬ್ಬ ಎದುರಿಗೇ ಕೂರಿಸಿಕೊಂಡು ಮಾಡಿಕೊಡುತ್ತಾನೆ ಎಂಬ ಒಂದೇ ಕಾರಣಕ್ಕೆ. ನಾನು ಸಣ್ಣವನಿದ್ದಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ನಡುವೆ ಅವಳಿಗೆ ಪೇಟೆಯಲ್ಲಿ ಏನೋ ತರುವುದಿತ್ತು. "ತಮ್ಮಾ, ನಾ ಬರೂ ತನ್ಕ ಅವ್ನ ಕೈ ನೋಡ್ತಾ ಕೂತ್ಕ. ಕಣ್ಣು ಮುಚ್ಚಬ್ಯಾಡ" ಎಂದು ಹೇಳಿ ಹೋದಳು. ನಾನು ನೋಡಿದೆ. ಮುದುಕ ಊದುಗೊಳವೆಯಿಂದ ಊದುತ್ತಿದ್ದ. ನೀಲಿ ಜ್ವಾಲೆ ನಾಲಗೆಯ ಹಾಗೆ ಬಾಗಿ ಬಾಗಿ ಓಲೆಯನ್ನು ನೆಕ್ಕುತ್ತಿತ್ತು. ನೋಡುತ್ತ ನೋಡುತ್ತ ನನಗೆ ಸೊಗಸಾದ ನಿದ್ರೆ ಬಂತು. ಅಬ್ಬೆ ಬಂದು ಎಬ್ಬಿಸಿದಾಗ ಅದೇ ಮುದುಕನ ಹೆಗಲ ಮೇಲೆ ತಲೆಯಿಟ್ಟು ಜೊಲ್ಲು ಸುರಿಸುತ್ತಿದ್ದೆನಂತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಓಲೆಯನ್ನು ಅಂಗೈಯಲ್ಲಿಟ್ಟು ತೂಗಿ ತೂಗಿ ನನ್ನನ್ನು ದುರುಗುಟ್ಟಿ ನೋಡಿದಳು.

ಆ ತೂಗುವ ಅಂಗೈ ಅಕ್ಕನಿಗೆ ಬಳುವಳಿಯಾಗಿ ಬಂತು. ಕೆಲವು ವರ್ಷಗಳ ಹಿಂದೆ ಅವಳ ಉಂಗುರ ಬಿಗಿಯಾಗಿ, ಅದನ್ನು ಹೊನ್ನಾವರ ಪೇಟೆಯ ಒಬ್ಬ ಶೇಟ್ರ ಬಂಗಾರದ ಅಂಗಡಿಯಲ್ಲಿ ದೊಡ್ಡದು ಮಾಡಲು ಕೊಟ್ಟಿದ್ದಳು. ಸಣ್ಣ ಅಂಗಡಿ, ಹಿಂದೆಯೇ ಮನೆ. ಮೊದಲಿಂದಲೂ ಅಕ್ಕನಿಂದಲೇ ಮೀನು ಕೊಳ್ಳುತ್ತಿದ್ದ ಮನೆ. ಉಂಗುರ ವಾಪಸು ಬಂದಾಗ ಅಕ್ಕ ಅದನ್ನು ಅಂಗೈಯಲ್ಲಿಟ್ಟು ತೂಗಿದಳು. ಹಗುರವಾಗಿದೆ ಎಂದಳು. ಶೇಟ್ರು, ಪಾಲಿಶ್ ಮಾಡಿದ್ದಕ್ಕೆ ಹಾಗನಿಸುತ್ತದೆ ಎಂದರು. ಅಂದು ಸಂತೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅಕ್ಕ ತನ್ನ ಬಂಗ್ಡೆ ಕೂಗುವ ದನಿಯಲ್ಲಿ, "ಬಂಗಾರ ಕೆರ್ದು ತಿಂದ್ರು" ಎಂದು ಪೇಟೆಗೇ ಸಾರಿದಳು. ಶೇಟ್ರು ಮೃದು ಸ್ವಭಾವದವರು. ತಲೆ ತಗ್ಗಿಸಿ ಒಳಗೆ ಹೋದರು.

ಅಂದಿನಿಂದ ಆ ಮನೆಗೆ ಮೀನು ಬಂದ್. ಆ ಓಣಿಯ ಎಲ್ಲ ಮನೆಯ ಬಾಗಿಲಲ್ಲೂ ಬುಟ್ಟಿ ಇಳಿಯುತ್ತಿತ್ತು, ಆ ಒಂದು ಬಾಗಿಲು ಬಿಟ್ಟು. ಮಾರುಕಟ್ಟೆಯಲ್ಲಿ ಶೇಟ್ರು ಎದುರಿಗೆ ಬಂದರೆ ಅಕ್ಕ ಗೋಣಿಚೀಲದಿಂದ ಬುಟ್ಟಿ ಮುಚ್ಚಿ ಆಕಾಶ ನೋಡುತ್ತಿದ್ದಳು. ನಾನು ದಿನಾ ಅದೇ ಓಣಿಯಿಂದ ಬಸ್ಸಿಗೆ ಹೋಗುವವನು. ಶೇಟ್ರು ಕಂಡರೆ ನಗಬೇಕೋ ಬಿಡಬೇಕೋ ತಿಳಿಯದೆ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿಬಿಡುತ್ತಿದ್ದೆ.

ಆ ದಿನ ರಜೆ. ಮನೆಯಲ್ಲಿ ಪೇಪರು ಓದುತ್ತ ಕೂತಿದ್ದೆ. ಅಕ್ಕ ಅಂಗಳಕ್ಕೆ ಬಂದಳು. ಬುಟ್ಟಿ ಇರಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಕೂಸಿನ ಹಾಗೆ ಹಿಡಿದುಕೊಂಡಿದ್ದಳು. ದೋಣಿಯಿಂದ ಇಳಿಸಿದ ಮೀನು ಬೇರ್ಪಡಿಸುವಾಗ ಮೀಸೆಯ ಮೀನೊಂದು ಬೆನ್ನ ಮೇಲಿನ ಮುಳ್ಳಿನಿಂದ ಅವಳ ಉಂಗುರ ಬೆರಳ ಬುಡಕ್ಕೇ ಚುಚ್ಚಿತ್ತು. ಆ ಮುಳ್ಳಿಗೆ ನಂಜಿದೆ. ಮೀನಿನವರಿಗೆ ಇದು ಹೊಸತಲ್ಲ. ಅಕ್ಕ ಬಿಸಿನೀರಿನಲ್ಲಿ ಕೈ ಅದ್ದಿದ್ದಳು, ಸುಣ್ಣ ಹಚ್ಚಿದ್ದಳು, ಉಳಿದ ಮೀನನ್ನೂ ಬೇರ್ಪಡಿಸಿ ಮುಗಿಸಿದ್ದಳು. ಆದರೆ ಬೆರಳು ಮಾತ್ರ ಬಾಳೆಕಾಯಿಯ ಹಾಗೆ ಊದಿತ್ತು. ಉಂಗುರ ಮಾಂಸದೊಳಗೆ ಹೂತು ಹೋಗಿ ಬರೀ ಒಂದು ಗೆರೆಯಾಗಿ ಕಾಣುತ್ತಿತ್ತು.

"ತಮ್ಮಾ, ಈ ಉಂಗ್ರ ಎಂತ ಮಾಡಿರೂ ಬರೂದಿಲ್ವಲ್ಲ" ಎಂದಳು. ಅವಳ ದನಿ ಸಣ್ಣದಾಗಿತ್ತು. ನನಗೆ ಬೆರಳಿಗಿಂತ ಆ ದನಿ ಕೇಳಿ ಹೆದರಿಕೆಯಾಯಿತು.

ರಿಕ್ಷಾದಲ್ಲಿ ಸೇತುವೆ ದಾಟುವಾಗ ಆ ಸೇತುವೆ ಅಷ್ಟು ಉದ್ದವಿದೆ ಎಂದು ನನಗೆ ಮೊದಲ ಸಲ ತಿಳಿಯಿತು. ಎದುರಿಗೊಂದು ಲಾರಿ ತೆವಳುತ್ತಿತ್ತು. ನಾನು ಬೆರಳು ನೋಡುವುದು, ಲಾರಿ ನೋಡುವುದು, ಮತ್ತೆ ಬೆರಳು ನೋಡುವುದು. ತುದಿ ನೀಲಿಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಎಣ್ಣೆ ಹಾಕಿ ನೋಡಿದರು, ಸೋಪು ಹಚ್ಚಿ ನೋಡಿದರು, ಬೆರಳಿಗೆ ದಾರ ಸುತ್ತಿ ಎಳೆದು ನೋಡಿದರು. ಅಕ್ಕನ ಕಣ್ಣಲ್ಲಿ ನೀರು ಬಂತು, ಉಂಗುರ ಬರಲಿಲ್ಲ. ಡಾಕ್ಟರು ಬೆವರು ಒರೆಸಿಕೊಂಡು, "ರಕ್ತ ಓಡಾಡ್ತಾ ಇಲ್ಲ. ಇನ್ನು ತಡ ಮಾಡೋ ಹಾಗಿಲ್ಲ, ತುಂಡು ಮಾಡ್ಬೇಕು" ಎಂದರು.

"ಎಂತಾ?" ಎಂದು ಅಕ್ಕ ಎದ್ದೇ ನಿಂತಳು.

"ಉಂಗುರ ಅಮ್ಮಾ, ಉಂಗುರ."

ಉಂಗುರ ಎಂದು ಕೇಳಿಯೂ ಅಕ್ಕನಿಗೆ ಅಂಥ ಸಮಾಧಾನವೇನೂ ಆದಂತೆ ಕಾಣಲಿಲ್ಲ. ಅದನ್ನು ಕತ್ತರಿಸುವ ಸಲಕರಣೆ ಅಲ್ಲಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗುವುದೆಂದರೆ ತಾಸುಗಟ್ಟಲೆ ದಾರಿ. "ಪೇಟೆಯಲ್ಲಿ ಬಂಗಾರದ ಕೆಲಸದವರ ಹತ್ರ ಹೋಗಿ ಕತ್ತರಿಸ್ಕೊಂಡು ಓಡಿ ಬನ್ನಿ. ಮುಂದಿನದು ನಾನು ನೋಡ್ಕೊಳ್ತೇನೆ" ಎಂದರು ಡಾಕ್ಟರು.

ಪೇಟೆಗೆ ಬಂದರೆ ಬಂಗಾರದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅವರ ಸಮಾಜದ ಯಾವುದೋ ದೊಡ್ಡ ಮದುವೆ, ಎಲ್ಲರೂ ಭಟ್ಕಳಕ್ಕೆ ಹೋಗಿದ್ದಾರೆ ಎಂದು ಬಟ್ಟೆ ಅಂಗಡಿಯವನು ಹೇಳಿದ. ಒಬ್ಬರು ಮಾತ್ರ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದಾರಂತೆ. ಅವನು ಕೈ ತೋರಿಸಿದ ಕಡೆ ನೋಡಿದರೆ ಅದೇ ಶೇಟ್ರ ಬಾಗಿಲು.

"ಅಲ್ಲಿಗಾ? ನಾ ಬರೂದಿಲ್ಲ" ಎಂದಳು ಅಕ್ಕ.

"ಅಕ್ಕಾ, ಬೆರಳು ಹೋಗ್ತದೆ."

"ಹೋಗ್ಲಿ. ಕುಮಟಾಕ್ಕೆ ಹೋಗ್ವಾ."

"ಕುಮಟಾಕ್ಕೆ ಹೋಗೂ ತನ್ಕ ಬೆರಳು ಉಳೀತದಾ?"

ನಾನು ಅಕ್ಕನಿಗೆ ದನಿ ಎತ್ತಿ ಮಾತಾಡಿದ್ದು ಅದೇ ಮೊದಲು. ಅವಳಿಗೂ ಆಶ್ಚರ್ಯವಾಗಿರಬೇಕು, ನನ್ನ ಹಿಂದೆ ಬಂದಳು.

ಶೇಟ್ರು ಊಟಕ್ಕೆ ಕೂತಿದ್ದರು. ಬಾಗಿಲಲ್ಲಿ ಅಕ್ಕನನ್ನು ಕಂಡು ತುತ್ತು ಬಾಯಿಗೆ ಹೋಗುವುದು ಅರ್ಧದಲ್ಲಿ ನಿಂತಿತು. ನಾನು ಏನೇನೋ ತೊದಲಿದೆ. ಅವರು ನನ್ನ ಮಾತು ಕೇಳಲಿಲ್ಲ, ಬೆರಳು ನೋಡಿದರು. ಎದ್ದು ಕೈ ತೊಳೆದರು. ಕುಂಟುತ್ತ ಅಂಗಡಿಯ ದೀಪ ಹಾಕಿ, ಕನ್ನಡಕ ಏರಿಸಿ, "ಕೂತ್ಕ" ಎಂದರು. ಅಷ್ಟೇ.

ಕೆಲಸದ ಮಣೆಯ ಮೇಲೆ ಬಿಳಿ ಕಾಗದ ಹಾಸಿದರು. ಅದರ ಮೇಲೆ ಅಕ್ಕನ ಕೈ. ನಾನು ಮಣಿಕಟ್ಟು ಒತ್ತಿ ಹಿಡಿಯಬೇಕು. ಶೇಟ್ರ ಹೆಂಡತಿ ತಂಬಿಗೆಯಿಂದ ಹನಿ ಹನಿಯಾಗಿ ನೀರು ಬಿಡಬೇಕು, ಉಜ್ಜುವಾಗ ಉಂಗುರ ಬಿಸಿಯಾಗುತ್ತದೆ. ಶೇಟ್ರು ಕಡ್ಡಿಯಷ್ಟು ಸಪೂರದ ಅರ ತೆಗೆದು ಉಂಗುರದ ಮೇಲೆ ಇಟ್ಟರು. ಕೀರ್ ಎಂದು ಸದ್ದಾಯಿತು. ನನ್ನ ಹಲ್ಲೆಲ್ಲ ಜುಮ್ಮೆಂದಿತು. ಅಕ್ಕ ಕಣ್ಣು ಮುಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಗದದ ಮೇಲೆ ಬೀಳುತ್ತಿದ್ದ ಹೊಳೆಯುವ ಪುಡಿಯನ್ನು ನೆಟ್ಟ ನೋಟದಿಂದ ನೋಡುತ್ತಿದ್ದಳು.

"ಪುಡಿ ಬೀಳ್ತದೆ ಶೇಟ್ರೇ" ಎಂದಳು.

"ಬೀಳ್ದೇ ಎಂತ ಮಾಡ್ತದೆ? ನೋಡ್ತಾ ಇರು. ಮತ್ತೆ ಸಂತೇಲಿ ಹೇಳೂಕೆ ಬೇಕಲ್ಲ."

ಈಗ, ಈ ಹೊತ್ತಿನಲ್ಲಿ, ಈ ಮಾತು ಬೇಕಿತ್ತೇ?

"ಹೇಳ್ದೆ. ಈಗ್ಲೂ ಹೇಳ್ತೆ. ಉಂಗ್ರ ಹಗೂರ ಆಗಿತ್ತು."

"ಬುಟ್ಟಿ ಹೊರೂ ಕೈ ನಿಂದು. ಆ ಕೈಗೆ ಗುಡ್ಡ ಇಟ್ರೂ ಹಗೂರ ಅನಿಸ್ತದೆ."

"ನನ್ನ ಕೈ ಸುದ್ದಿಗೆ ಬರಬ್ಯಾಡಿ."

"ಕೈ ಸುದ್ದಿಗೆ ಬಂದೇ ಕೂತಿದ್ದೆ ಮಾರಾಯ್ತಿ. ಅಲ್ಲಾಡ್ಸಬ್ಯಾಡ!"

ಅರ ಓಡುತ್ತಿತ್ತು. ಇಬ್ಬರ ದನಿಯೂ ಏರುತ್ತಿತ್ತು. ನೀರು ಬಿಡುತ್ತಿದ್ದ ಹೆಂಗಸು ಗಂಡನ ಮುಖ ನೋಡಿ, ಅಕ್ಕನ ಮುಖ ನೋಡಿ, ನೀರನ್ನು ನನ್ನ ತೊಡೆಯ ಮೇಲೆ ಬಿಡುತ್ತಿದ್ದರು. ನಾನು ಉಸಿರು ಹಿಡಿದು ಬೆರಳಿನ ತುದಿಯನ್ನೇ ನೋಡುತ್ತಿದ್ದೆ. ನೀಲಿ ಈಗ ಕಪ್ಪಿಗೆ ತಿರುಗುತ್ತಿದೆಯೋ, ನನ್ನ ಕಣ್ಣೇ ಕತ್ತಲೆಗೂಡುತ್ತಿದೆಯೋ ತಿಳಿಯುತ್ತಿರಲಿಲ್ಲ.

"ಮೀನು ಬಂದ್ ಮಾಡ್ದೆ, ಅಡ್ಡಿಲ್ಲ" ಎಂದರು ಶೇಟ್ರು, ತಲೆ ಎತ್ತದೆ. "ನಮ್ಗೆ ಬೇರೆ ಬುಟ್ಟಿ ಇತ್ತು. ಆದ್ರೆ ನನ್ನ ಹೆತ್ತ ಆಯಿ ಹಾಸಿಗೆ ಹಿಡ್ದಾಗ ಬೇರೆ ಎಂತದೂ ಕೇಳ್ಲಿಲ್ಲ. ಮಾದೇವಿ ಹತ್ರ ನೊಗ್ಲಿ ಮೀನು ತಕಂಡು ಬಾ, ಅವ್ಳ ನೊಗ್ಲಿನೇ ಆಗ್ಬೇಕು ಅಂತ ಜೀವ ಹೋಗೂ ತನ್ಕ ಹೇಳ್ತಿತ್ತು."

ಅಕ್ಕ ಪುಡಿಯಿಂದ ಕಣ್ಣು ಕಿತ್ತು ಶೇಟ್ರ ಮುಖ ನೋಡಿದಳು.

"ನಂಗೆ ಯಾರೂ ಹೇಳ್ಲಿಲ್ವಲ್ಲ" ಎಂದಳು.

"ಹೇಳೂಕೆ ಬಂದಿದ್ದೆ. ನೀ ಬುಟ್ಟಿ ಮುಚ್ಚಿದ್ದೆ."

ಅಕ್ಕ ಮುಖ ಪಕ್ಕಕ್ಕೆ ತಿರುಗಿಸಿದಳು. ಅದೇ ಹೊತ್ತಿಗೆ ಶೇಟ್ರು ಅರ ಕೆಳಗಿಟ್ಟು ಎರಡು ಸಣ್ಣ ಇಕ್ಕಳ ತೆಗೆದರು. ತೆಳುವಾದ ಜಾಗದ ಎರಡೂ ಬದಿಗೆ ಹಿಡಿದು ಬಿಡಿಸಿದರು. ಅಕ್ಕ "ಅಬ್ಬೇ" ಎಂದು ಒಂದೇ ಸಲ ಕೂಗಿದಳು. ಟಿಕ್ ಎಂದು ಉಂಗುರ ಬಾಯಿ ತೆರೆಯಿತು. ರಕ್ತ ಹತ್ತಿದ ಉಂಗುರ ಕಾಗದದ ಮೇಲೆ ಉರುಳಿತು.

ಅದನ್ನು ಯಾರೂ ನೋಡಲಿಲ್ಲ. ನಾಲ್ವರೂ ಬೆರಳು ನೋಡುತ್ತಿದ್ದೆವು. ಉಂಗುರವಿದ್ದ ಜಾಗದಲ್ಲಿ ಕೊರೆದಂಥ ಬಿಳಿ ಗುಳಿ. ತುದಿ ಹಾಗೆಯೇ ನೀಲಿ. ಶೇಟ್ರು ಬೆರಳಿನ ತುದಿಯನ್ನು ಮೆಲ್ಲಗೆ ಒತ್ತಿದರು, ಬಿಟ್ಟರು. ಏನೂ ಆಗಲಿಲ್ಲ. ತಡವಾಯಿತು, ಆ ಲಾರಿ, ಆ ಸೇತುವೆ, ಆ ಬಟ್ಟೆ ಅಂಗಡಿಯ ಮುಂದೆ ನಿಂತು ಮಾಡಿದ ಜಗಳ ಎಂದು ಮನಸ್ಸು ಒಂದೊಂದನ್ನೇ ಹಿಡಿದು ಶಪಿಸುತ್ತಿತ್ತು. ಶೇಟ್ರು ಮತ್ತೆ ಒತ್ತಿದರು. ಆಗ ಉಗುರಿನ ಬುಡದಲ್ಲಿ, ಎಲ್ಲಿಂದಲೋ ಬಂದಂತೆ, ತೆಳ್ಳಗೆ ಕೆಂಪು ಮೂಡಿತು. ನಿಧಾನಕ್ಕೆ ಹರಡಿತು.

"ಬಂತು" ಎಂದರು ಶೇಟ್ರ ಹೆಂಡತಿ.

"ಉರೀತದೆ ಮಾರಾಯ್ರೇ, ಬೆಂಕಿ ಬಿದ್ದ ಹಾಂಗೆ ಉರೀತದೆ!" ಎಂದು ಅಕ್ಕ ತನ್ನ ಹಳೆಯ ದನಿಯಲ್ಲಿ ಚೀರಿದಳು. ಆ ಚೀತ್ಕಾರದಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಚಾ ಮೊದಲು ಕೊಟ್ಟದ್ದು ನನಗೆ, ನಂಜು ಏರಿದವಳಿಗಲ್ಲ.

ಹೊರಡುವಾಗ ಶೇಟ್ರು ಕಾಗದದ ಮೇಲಿನ ಪುಡಿಯನ್ನು ಒಂದು ಕಣವೂ ಬಿಡದೆ ಒಟ್ಟು ಮಾಡಿ, ಉಂಗುರದ ಜೊತೆ ಪೊಟ್ಟಣ ಕಟ್ಟಿ ಅಕ್ಕನ ಎಡಗೈಯಲ್ಲಿಟ್ಟರು. ಅಕ್ಕ ಏನೋ ಹೇಳಲು ಬಾಯಿ ತೆರೆದಳು. "ಮೊದ್ಲು ಡಾಕ್ಟ್ರ ಹತ್ರ ಹೋಗು" ಎಂದು ಅವರು ದೀಪ ಆರಿಸಿದರು.

ಬೆರಳು ಉಳಿಯಿತು. ಒಳಗೆ ಮುರಿದು ಉಳಿದಿದ್ದ ಮುಳ್ಳಿನ ಚೂರನ್ನು ಡಾಕ್ಟರು ತೆಗೆದರು. ಬಾವು ಇಳಿಯಲು ದಿನಗಳೇ ಹಿಡಿದವು. ಕೈಗೆ ಬಟ್ಟೆ ಸುತ್ತಿಕೊಂಡೇ ಅಕ್ಕ ಮತ್ತೆ ಬುಟ್ಟಿ ಎತ್ತಿದಳು. ಅವತ್ತು ಆ ಓಣಿಯಲ್ಲಿ ಅವಳ ಬುಟ್ಟಿ ಮೊದಲು ಇಳಿದದ್ದು ಶೇಟ್ರ ಬಾಗಿಲಲ್ಲಿ ಎಂದು ಬಟ್ಟೆ ಅಂಗಡಿಯವನಿಂದ ತಿಳಿಯಿತು. ನೊಗ್ಲಿ ಇತ್ತಂತೆ. ಶೇಟ್ರ ಹೆಂಡತಿ ದುಡ್ಡು ಕೊಡಲು ಬಂದರೆ ಅಕ್ಕ, "ಇದು ಆಯಿ ಹೆಸ್ರಿಗೆ" ಎಂದು ಹೇಳಿ ಮುಂದಿನ ಮನೆಗೆ ನಡೆದಳಂತೆ.

ಕೈ ಪೂರ್ತಿ ಗುಣವಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಪೊಟ್ಟಣ ಹಿಡಿದು ನನ್ನ ಮುಂದೆ ನಿಂತಳು. ಉಂಗುರ ಜೋಡಿಸಬೇಕು, ನೀನೂ ಬಾ ಎಂದಳು. ನಾನು ಆಫೀಸಿಗೆ ತಡವಾಗಿ ಬರುತ್ತೇನೆಂದು ಫೋನ್ ಮಾಡಿ ಹೊರಟೆ. ದಾರಿಯಲ್ಲಿ ನನಗೆ ಹೊಸ ಚಿಂತೆ. ಜೋಡಿಸಿದ ಮೇಲೆ ಇವಳು ಮತ್ತೆ ಅಂಗೈಯಲ್ಲಿಟ್ಟು ತೂಗಿದರೆ? ಮತ್ತೆ ಹಗುರವೆಂದರೆ?

ಶೇಟ್ರು ಉಂಗುರವನ್ನು ತಿರುಗಿಸಿ ನೋಡಿದರು. ಬೆರಳಿನ ಗಂಟು ಸ್ವಲ್ಪ ದಪ್ಪವೇ ಉಳಿದಿತ್ತು, ಅದಕ್ಕೆ ತಕ್ಕಂತೆ ಅಳತೆ ತೆಗೆದರು. ಅಕ್ಕ ಎದುರಿನ ಸ್ಟೂಲಿನ ಮೇಲೆ ಕೂತು ಸುಮ್ಮನೆ ಅವರ ಕೈ ನೋಡುತ್ತಿದ್ದಳು.

"ಶೇಟ್ರೇ, ಹಿಂಗೆ ಊದ್ದ ಕೈಯಿಂದ ಸುಮಾರು ಉಂಗ್ರ ಕೊಯ್ದಿರಬೇಕು ನೀವು" ಎಂದಳು.

"ಇಲ್ಲ. ನಿಂದೇ ಮೊದಲು."

"ಎಂತಾ?"

"ಜೀವ ಇದ್ದ ಬೆರಳಿನ ಮೇಲೆ ಅರ ಇಟ್ಟದ್ದು ಅದೇ ಮೊದಲು. ಆ ದಿವ್ಸ ಸಂಜೀ ತನ್ಕ ನನ್ನ ಕೈ ನಡುಗ್ತಾ ಇತ್ತು. ನಮ್ಮನೆಯವ್ಳ ಹತ್ರ ಕೇಳು ಬೇಕಾರೆ."

"ಅವತ್ತೇ ಹೇಳಿದ್ರೆ ನಾ ಕೈ ಕೊಡ್ತಿರ್ಲಿಲ್ಲ!"

"ಅದ್ಕೇ ಹೇಳ್ಲಿಲ್ಲ."

ಅಕ್ಕ ಅವರನ್ನೇ ನೋಡಿದಳು. ಬಯ್ಯುತ್ತಾಳೆ ಎಂದು ನಾನು ಕೂತಲ್ಲಿಂದ ಅರ್ಧ ಎದ್ದೆ. ಅವಳು ಬಯ್ಯಲಿಲ್ಲ. ಶೇಟ್ರು, ಪುಡಿಯನ್ನೂ ಕರಗಿಸಿ ಸೇರಿಸಬೇಕು, ಬೆಸುಗೆ ಹಾಕಿ ಪಾಲಿಶ್ ಮಾಡಲು ಸಂಜೆಯಾಗುತ್ತದೆ, ಬೇಕಾದರೆ ಇಲ್ಲೇ ಕೂತು ನೋಡಬಹುದು ಎಂದರು. ಅಕ್ಕ ಎದ್ದಳು. ಸೀರೆಯ ಸೆರಗು ಸಿಕ್ಕಿಸಿಕೊಂಡಳು.

"ಬಿಟ್ಟು ಹೋಗ್ತೆ. ಸಂಜೀಗೆ ಬರ್ತೆ" ಎಂದು ಮೆಟ್ಟಿಲು ಇಳಿದೇ ಬಿಟ್ಟಳು.

ನಾನು ಅವಳ ಹಿಂದೆ ಓಡಿದೆ. ಹತ್ತಾರು ಹೆಜ್ಜೆ ಬಂದ ಮೇಲೂ ನನಗೆ ನಂಬಿಕೆ ಬರಲಿಲ್ಲ. "ಅಕ್ಕಾ, ಎದುರಿಗೆ ಕೂರ್ದೇ ಹಂಗೇ ಬಿಟ್ಟು ಬಂದ್ಯಲ್ಲೇ?"

"ಬೆರಳೇ ಕೊಟ್ಟು ಕೂತಿದ್ದೆ" ಎಂದಳು ಅಕ್ಕ, ನಡಿಗೆ ನಿಲ್ಲಿಸದೆ. "ಉಂಗ್ರ ಎಂತ ದೊಡ್ಡದಾ?"

ಅವಳು ಮಾರುಕಟ್ಟೆಯ ಕಡೆ ಹೋದಳು. ನಾನು ಕುಮಟಾದ ಬಸ್ಸು ಹತ್ತಬೇಕಿತ್ತು. ಎರಡು ಬಸ್ಸು ಬಿಟ್ಟೆ. ಓಣಿಯ ತಿರುವಿನ ಗೂಡಂಗಡಿಯಲ್ಲಿ ಬೇಡದ ಸೋಡಾ ಕುಡಿಯುತ್ತ, ಶೇಟ್ರ ಕಿಟಕಿಯೊಳಗೆ ನೀಲಿ ಜ್ವಾಲೆ ಹತ್ತುವುದನ್ನೇ ಕಾಯುತ್ತ ನಿಂತೆ.